ನೀರು ಹೋಗಿದೆ, ನೋವು ಬಂದಿಲ್ಲ: ಕಾಯಬೇಕೆ, ನೋವು ಬರಿಸಬೇಕೆ?

ಗರ್ಭಕೋಶದೊಳಗೆ ಮಗು ಎರಡು ಪದರದ ತೆಳುವಾದ ಚೀಲದಲ್ಲಿ, ನೀರಿನ ನಡುವೆ ಬೆಳೆಯುತ್ತದೆ. ಹೆರಿಗೆ ನೋವು ಶುರುವಾಗಿ, ಗರ್ಭಕೋಶದ ಬಾಯಿ ಸಾಕಷ್ಟು ತೆರೆದ ಮೇಲೆ ಈ ಚೀಲ ಒಡೆದು ನೀರು ಹೋಗುವುದು ಸಾಮಾನ್ಯ ಕ್ರಮ. ದಿನ ತುಂಬಿದ, ಅಂದರೆ 37 ವಾರ ಕಳೆದ ಬಸುರಿಯರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಈ ಕ್ರಮ ಹಿಂದುಮುಂದಾಗುತ್ತದೆ. ನೀರು ಮೊದಲು ಹೋಗುತ್ತದೆ, ನೋವಿನ ಸುಳಿವೇ ಇರುವುದಿಲ್ಲ. ನೋವು ತಾನಾಗಿ ಬರಲೆಂದು ಕಾಯುವುದೋ, ಔಷಧಿ ಕೊಟ್ಟು ಬರಿಸುವುದೋ ಎಂಬ ತೀರ್ಮಾನವನ್ನು ಆಗ ಕೆಲವೇ ಗಂಟೆಗಳಲ್ಲಿ ತೆಗೆದುಕೊಳ್ಳಬೇಕಾಗುತ್ತದೆ. ಮೊದಲ ಹೆರಿಗೆ ತವರಿನಲ್ಲಾಗುವ ರೂಢಿಯಿರುವ ನಮ್ಮಲ್ಲಿ ಈ ತೀರ್ಮಾನ ಎಷ್ಟೋ ಸಲ ಪರಿಚಯವಿಲ್ಲದ ಆಸ್ಪತ್ರೆಯಲ್ಲಿ, ಗಂಡ ಫೋನಿನಲ್ಲಿ, ತಾಯಿ ಪಕ್ಕದಲ್ಲಿ ಇರುವಾಗ ನಡೆಯುತ್ತದೆ.

ದಿನ ತುಂಬಿದಂತೆ ಚೀಲದ ಪೊರೆಗೆ ಬಲ ಕೊಡುವ ಕೊಲಾಜೆನ್ ಎಳೆಗಳು ಸಡಿಲವಾಗುವುದು ಸಹಜ. ಅವಳಿ ಮಕ್ಕಳು ಅಥವಾ ಹೆಚ್ಚು ನೀರಿನಿಂದ ಗರ್ಭಕೋಶ ಹಿಗ್ಗಿದ್ದರೆ, ಯೋನಿಯಲ್ಲಿ ಸೋಂಕಿದ್ದರೆ ಪೊರೆ ಬೇಗ ಒಡೆಯಬಹುದು. ಬಹುಪಾಲು ಸಂದರ್ಭಗಳಲ್ಲಿ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಲು ಆಗುವುದಿಲ್ಲ. ಭಾರ ಎತ್ತಿದ್ದಕ್ಕೆ, ಬಸ್ಸಿನಲ್ಲಿ ಹೋದದ್ದಕ್ಕೆ ಹೀಗಾಯಿತೆಂದು ಬಸುರಿಯನ್ನು ದೂರುವುದು ತಪ್ಪು. ನೀರೆಲ್ಲ ಹೋಗಿ ಮಗು ಒಣಗಿಬಿಡುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಆ ನೀರಿನ ಹೆಚ್ಚಿನ ಪಾಲು ಮಗುವಿನ ಮೂತ್ರವೇ. ಸೋರುತ್ತಿರುವಾಗಲೂ ಹೊಸ ನೀರು ಸೇರುತ್ತಲೇ ಇರುತ್ತದೆ.

ತೀರ್ಮಾನಕ್ಕೆ ಮೊದಲು ಖಚಿತವಾಗಬೇಕಾದ್ದು, ಹೋಗಿರುವುದು ಗರ್ಭದ ನೀರೇ ಹೌದೇ ಎಂಬುದು. ಕೊನೆಯ ವಾರಗಳಲ್ಲಿ ತಿಳಿಯದೆ ಮೂತ್ರ ಜಾರುವುದುಂಟು, ಬಿಳಿಸೆರಗು ನೀರಾಗುವುದೂ ಉಂಟು. ಒಮ್ಮೆಲೇ ಬಳಬಳನೆ ಹರಿದರೆ ಸಂಶಯವಿಲ್ಲ. ತೊಟ್ಟಿಕ್ಕುತ್ತಿದ್ದರೆ ಪರೀಕ್ಷೆ ಬೇಕು. ಸ್ಟೆರೈಲ್ ಮಾಡಿದ ಸ್ಪೆಕ್ಯುಲಮ್ ಎಂಬ ಉಪಕರಣ ಹಾಕಿ ಒಳಗೆ ನೀರು ನಿಂತಿದೆಯೇ ಎಂದು ನೋಡುವುದು ಮುಖ್ಯ ವಿಧಾನ. ಗರ್ಭದ ನೀರು ಯೋನಿಯ ಸ್ರಾವದಂತೆ ಆಮ್ಲೀಯವಲ್ಲದ್ದರಿಂದ ನೈಟ್ರಜೀನ್ ಎಂಬ ಪರೀಕ್ಷಾ ಪಟ್ಟಿ ನೀಲಿಗೆ ತಿರುಗುತ್ತದೆ. ರಕ್ತವೋ ವೀರ್ಯವೋ ಬೆರೆತಿದ್ದರೂ ಪಟ್ಟಿ ನೀಲಿಯಾಗುವುದರಿಂದ ಅದೊಂದನ್ನೇ ನಂಬುವಂತಿಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ನೋವು ಶುರುವಾಗದ ಹೆಂಗಸಿಗೆ ಬಾಯಿ ಎಷ್ಟು ತೆರೆದಿದೆ ಎಂದು ಮತ್ತೆ ಮತ್ತೆ ಬೆರಳು ಹಾಕಿ ನೋಡುವುದರಿಂದ ಲಾಭವಿಲ್ಲ, ಹಾನಿಯಿದೆ. ಒಂದೊಂದು ಪರೀಕ್ಷೆಯೂ ಯೋನಿಯ ಬ್ಯಾಕ್ಟೀರಿಯಾಗಳನ್ನು ಮೇಲಕ್ಕೆ ತಳ್ಳುತ್ತದೆ. ಇಂಥ ಪರೀಕ್ಷೆಗಳು ಹೆಚ್ಚಿದಷ್ಟೂ ಗರ್ಭಚೀಲದ ಸೋಂಕು ಹೆಚ್ಚುವುದು ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಕಂಡಿದೆ. ಪಾಳಿ ಬದಲಾದಾಗಲೆಲ್ಲ ಹೊಸಬರೊಬ್ಬರು ಪರೀಕ್ಷಿಸುವ ವಾರ್ಡಿನಲ್ಲಿ, ಈ ಪರೀಕ್ಷೆ ಈಗ ಅಗತ್ಯವೇ ಎಂದು ಕೇಳುವ ಹಕ್ಕು ಬಸುರಿಗೂ ಅವಳ ಜೊತೆಗಿರುವವರಿಗೂ ಇದೆ.

ಕೆಲವು ಸ್ಥಿತಿಗಳಲ್ಲಿ ಕಾಯುವ ಆಯ್ಕೆಯೇ ಇಲ್ಲ. ನೀರು ತಿಳಿಯಾಗಿ ಅಥವಾ ತುಸು ಹಳದಿಯಾಗಿ ಇದ್ದರೆ ಸರಿ. ಹಸಿರಾಗಿದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂದರ್ಥ. ಕೆಟ್ಟ ವಾಸನೆ, 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ಹೊಟ್ಟೆ ಮುಟ್ಟಿದರೆ ನೋವು, ತಾಯಿಯ ನಾಡಿ ಅಥವಾ ಮಗುವಿನ ಎದೆಬಡಿತದ ಓಟ ಇವು ಸೋಂಕಿನ ಗುರುತು. ರಕ್ತಸ್ರಾವ, ಮಗುವಿನ ಅಲುಗಾಟ ಕಡಿಮೆಯಾಗುವುದು, ಮಗು ಅಡ್ಡ ಇರುವುದು ಇವೆಲ್ಲ ತಕ್ಷಣ ವೈದ್ಯರು ನೋಡಬೇಕಾದವು. ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದರೆ, ತಾಯಿಗೆ ಎಚ್‌ಐವಿ ಇದ್ದರೆ ಲೆಕ್ಕಾಚಾರವೇ ಬೇರೆ. ಎಲ್ಲಕ್ಕಿಂತ ಅಪಾಯದ್ದು ಹೊಕ್ಕುಳಬಳ್ಳಿ ಜಾರುವುದು. ಮಗುವಿನ ತಲೆ ಕೆಳಗೆ ಕೂರದೆ ಇರುವಾಗ ನೀರು ರಭಸದಿಂದ ಹೋದರೆ ಬಳ್ಳಿಯೂ ಜೊತೆಗೆ ಇಳಿದು ತಲೆಯಡಿ ಸಿಕ್ಕಿಕೊಳ್ಳಬಹುದು. ಯೋನಿಯಲ್ಲಿ ಬಳ್ಳಿ ಕಂಡರೆ ಅಥವಾ ಕೈಗೆ ತಾಕಿದರೆ ಮಂಡಿಯೂರಿ, ಎದೆಯನ್ನು ನೆಲಕ್ಕೆ ತಾಗಿಸಿ, ಸೊಂಟ ಮೇಲೆತ್ತಿ ಇರಬೇಕು. ಆ ಕ್ಷಣವೇ 108ಕ್ಕೆ ಕರೆ ಹೋಗಬೇಕು. 37 ವಾರಕ್ಕೆ ಮೊದಲೇ ನೀರು ಹೋಗುವುದು ಬೇರೆಯದೇ ಸಮಸ್ಯೆ. ಅಲ್ಲಿ ಮಗುವಿನ ಶ್ವಾಸಕೋಶದ ಬೆಳವಣಿಗೆಯನ್ನೂ ತೂಗಿ ನೋಡಬೇಕಾಗುತ್ತದೆ.

ಇವು ಯಾವುವೂ ಇಲ್ಲದ, ತಲೆ ಕೆಳಗಿರುವ ಒಂದೇ ಮಗುವಿನ, ಆರೋಗ್ಯವಂತ ಬಸುರಿಗೆ ಮಾತ್ರ ನಿಜವಾದ ಆಯ್ಕೆ ಇರುವುದು. ಕಾಯುವುದರ ಪರವಾಗಿರುವ ಸಂಗತಿ ಸರಳ: ಇಂಥ ನೂರು ಹೆಂಗಸರಲ್ಲಿ ಸುಮಾರು 60 ಮಂದಿಗೆ 24 ಗಂಟೆಯೊಳಗೆ ನೋವು ತಾನಾಗಿಯೇ ಬರುತ್ತದೆ. ಕಾಯುವುದರ ವಿರುದ್ಧ ಇರುವುದು ಸೋಂಕು. ಪೊರೆ ಒಡೆದ ಮೇಲೆ ಒಳಗಿಗೂ ಹೊರಗಿಗೂ ನಡುವೆ ತಡೆ ಉಳಿಯುವುದಿಲ್ಲ. ಬ್ರಿಟನ್ನಿನ ಮಾರ್ಗಸೂಚಿ ಕೊಡುವ ಲೆಕ್ಕದಂತೆ ಪೊರೆ ಒಡೆಯದವರ ಮಕ್ಕಳಲ್ಲಿ ತೀವ್ರ ಸೋಂಕು ಇನ್ನೂರಕ್ಕೆ ಒಂದಾದರೆ, ನೋವಿಗೆ ಮೊದಲೇ ನೀರು ಹೋದವರ ಮಕ್ಕಳಲ್ಲಿ ನೂರಕ್ಕೆ ಒಂದು. ಇಮ್ಮಡಿ ಎಂದರೆ ದಿಗಿಲಾಗುತ್ತದೆ. ನೂರರಲ್ಲಿ 99 ಮಕ್ಕಳಿಗೆ ಇಂಥ ತೀವ್ರ ಸೋಂಕು ತಗಲುವುದಿಲ್ಲ ಎಂಬುದೂ ಅಷ್ಟೇ ನಿಜ. ಬಸುರಿಗೆ ಈ ಎರಡನ್ನೂ ಹೇಳಬೇಕು.

ಈ ಪ್ರಶ್ನೆಗೆ ದೊಡ್ಡ ಉತ್ತರ ಸಿಕ್ಕಿದ್ದು 1996ರಲ್ಲಿ. ಟೊರೊಂಟೊದ ಮೇರಿ ಹನ್ನಾ ಅವರ ನೇತೃತ್ವದಲ್ಲಿ ಆರು ದೇಶಗಳ 72 ಆಸ್ಪತ್ರೆಗಳಲ್ಲಿ 5,041 ಹೆಂಗಸರ ಮೇಲೆ ನಡೆದ ‘ಟರ್ಮ್‌ಪ್ರಾಮ್’ ಅಧ್ಯಯನ ಆ ವರ್ಷ ಪ್ರಕಟವಾಯಿತು. ಕೆಲವರಿಗೆ ಕೂಡಲೇ ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್, ಕೆಲವರಿಗೆ ಪ್ರೊಸ್ಟಗ್ಲಾಂಡಿನ್ ಜೆಲ್, ಉಳಿದವರಿಗೆ ನಾಲ್ಕು ದಿನದವರೆಗೆ ಕಾಯುವ ಅವಕಾಶ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಖಚಿತವಾದ ಹಾಗೂ ಸಂಶಯಿತ ಸೋಂಕುಗಳನ್ನು ಸೇರಿಸಿ ನೋಡಿದರೆ ಎಲ್ಲ ಗುಂಪುಗಳಲ್ಲೂ ನೂರಕ್ಕೆ ಎರಡರಿಂದ ಮೂರು ಮಕ್ಕಳಿಗೆ ಸೋಂಕು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಿಸೇರಿಯನ್ ಪ್ರಮಾಣವೂ ಎಲ್ಲೆಡೆ ಶೇ 10ರ ಆಸುಪಾಸು. ನೋವು ಬರಿಸಿದರೆ ಕೊನೆಗೆ ಆಪರೇಷನ್ನೇ ಗತಿ ಎಂಬ ನಂಬಿಕೆಗೆ ಇಲ್ಲಿ ಬೆಂಬಲ ಸಿಗಲಿಲ್ಲ. ವ್ಯತ್ಯಾಸ ಕಂಡದ್ದು ತಾಯಂದಿರಲ್ಲಿ. ಕೂಡಲೇ ಡ್ರಿಪ್ ಹಾಕಿಸಿಕೊಂಡವರಲ್ಲಿ ಗರ್ಭಚೀಲದ ಸೋಂಕು ಶೇ 4, ಕಾದು ಆಮೇಲೆ ಅಗತ್ಯವಾದರೆ ಡ್ರಿಪ್ ಎಂಬ ಗುಂಪಿನಲ್ಲಿ ಶೇ 8.6. ಅನುಭವದ ಬಗ್ಗೆ ಕೇಳಿದಾಗಲೂ ಕಾದವರಿಗಿಂತ ಬೇಗ ನೋವು ಬರಿಸಿಕೊಂಡವರಲ್ಲೇ ಹೆಚ್ಚು ಸಮಾಧಾನವಿತ್ತು.

2017ರ ಕಾಕ್ರೇನ್ ವಿಮರ್ಶೆ 23 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿತು. ಬೇಗ ಹೆರಿಗೆ ಮಾಡಿಸಿದರೆ ತಾಯಿಯ ಸೋಂಕು ಕಡಿಮೆ, ಶಿಶು ತೀವ್ರ ನಿಗಾ ಘಟಕಕ್ಕೆ ಸೇರುವ ಮಕ್ಕಳೂ ಕಡಿಮೆ, ಸಿಸೇರಿಯನ್ನಿನಲ್ಲಿ ಹೆಚ್ಚಳವಿಲ್ಲ ಎಂಬುದು ಅದರ ಸಾರ. ಆ ಅಧ್ಯಯನಗಳಲ್ಲಿ ಹಲವು ಅಷ್ಟೇನೂ ಗಟ್ಟಿಯಾಗಿರಲಿಲ್ಲ ಎಂಬುದನ್ನೂ ವಿಮರ್ಶೆ ಮುಚ್ಚಿಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನ ತುಂಬಿ ನೀರು ಹೋದವರಿಗೆ ನೋವು ಬರಿಸುವುದನ್ನು ಶಿಫಾರಸು ಮಾಡುತ್ತದೆ. ಬ್ರಿಟನ್ನಿನ ಮಾರ್ಗಸೂಚಿ ಕೂಡಲೇ ನೋವು ಬರಿಸುವುದು ಮತ್ತು 24 ಗಂಟೆಯವರೆಗೆ ಕಾಯುವುದು, ಎರಡನ್ನೂ ಹೆಂಗಸಿನ ಮುಂದಿಡಬೇಕು ಎನ್ನುತ್ತದೆ. ಅಮೆರಿಕದ ತಜ್ಞರ ಸಂಘ ಬೇಗ ಬರಿಸುವ ಕಡೆಗೆ ವಾಲಿದರೂ, ಬಯಸಿದವರಿಗೆ 12ರಿಂದ 24 ಗಂಟೆ ಕಾಯಲು ಅಡ್ಡಿಯಿಲ್ಲ ಎನ್ನುತ್ತದೆ. ಒಟ್ಟಿನಲ್ಲಿ ಮೊದಲ ದಿನದ ಮಟ್ಟಿಗೆ ಎರಡೂ ದಾರಿ ಒಪ್ಪುವಂಥವೇ. ಅದನ್ನು ಮೀರಿ ಕಾಯುವುದಕ್ಕೆ ಮಾತ್ರ ಸಮರ್ಥನೆ ತೆಳುವಾಗುತ್ತ ಹೋಗುತ್ತದೆ.

ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ತಾಯಿಯಲ್ಲಿದ್ದರೆ ತಕ್ಕಡಿ ಬೇಗ ಬರಿಸುವ ಕಡೆಗೇ ತೂಗುತ್ತದೆ. ನವಜಾತ ಶಿಶುವಿನ ಮಾರಕ ಸೋಂಕಿಗೆ ಅದು ಕಾರಣವಾಗಬಲ್ಲದು. ಪೆನಿಸಿಲಿನ್ ಕೊಟ್ಟು, ಹೆರಿಗೆಯನ್ನು ತಡಮಾಡದಿರುವುದೇ ಸರಿ. ಭಾರತದಲ್ಲಿ ಎಲ್ಲ ಬಸುರಿಯರಿಗೂ ಈ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡುವ ಪದ್ಧತಿಯಿಲ್ಲ. ಹಾಗಾಗಿ ನೀರು ಹೋಗಿ 18 ಗಂಟೆ ಆಯಿತೇ ಎಂಬ ಲೆಕ್ಕ ಇಲ್ಲಿ ಮಹತ್ವದ್ದು. ಅಲ್ಲಿಂದಾಚೆಗೆ ಮಗುವಿನ ರಕ್ಷಣೆಗಾಗಿ ಆ್ಯಂಟಿಬಯಾಟಿಕ್ ಶುರುಮಾಡುವುದು ವಾಡಿಕೆ. ನೀರು ಹೋದ ಹೊತ್ತನ್ನು ತಾಯಿ ಕಾರ್ಡಿನ ಮೇಲೋ ಕೈಗೆ ಸಿಕ್ಕ ಕಾಗದದ ಮೇಲೋ ಆಗಲೇ ಬರೆದಿಡುವುದು ಮನೆಯವರು ಮಾಡಬಹುದಾದ ಅತಿ ಉಪಯುಕ್ತ ಕೆಲಸ.

ಕಾಯುವುದಾದರೆ ಎಲ್ಲಿ? ಟರ್ಮ್‌ಪ್ರಾಮ್‌ನಲ್ಲಿ ಮನೆಯಲ್ಲಿ ಕಾದವರನ್ನೂ ಆಸ್ಪತ್ರೆಯಲ್ಲಿ ಕಾದವರನ್ನೂ ಹೋಲಿಸಿದಾಗ, ಮನೆಯಲ್ಲಿದ್ದವರ ಮಕ್ಕಳಿಗೆ ಸೋಂಕು ಹೆಚ್ಚು ಕಂಡಿತ್ತು. ಲಂಡನ್ನಿನಲ್ಲಿ ಆಸ್ಪತ್ರೆಗೆ ಹತ್ತಿರವಿರುವವಳಿಗೆ ಮನೆಗೆ ಹೋಗಿ ಬನ್ನಿ ಎನ್ನಬಹುದು. ತಾಲ್ಲೂಕು ಕೇಂದ್ರದಿಂದ ಎರಡು ಗಂಟೆ ದೂರದ ಮಲೆನಾಡಿನ ಒಂಟಿಮನೆಯವಳಿಗೆ ಆ ಸಲಹೆ ಒಪ್ಪುವುದಿಲ್ಲ. ಎಲ್ಲಿದ್ದರೂ ನಾಲ್ಕು ಗಂಟೆಗೊಮ್ಮೆ ಜ್ವರ ನೋಡಬೇಕು, ಶುಭ್ರವಾದ ಪ್ಯಾಡ್ ಇಟ್ಟು ನೀರಿನ ಬಣ್ಣ, ವಾಸನೆ ಗಮನಿಸಬೇಕು, ಮಗುವಿನ ಅಲುಗಾಟದ ಮೇಲೆ ನಿಗಾ ಇರಬೇಕು. ಸ್ನಾನಕ್ಕೆ ಅಡ್ಡಿಯಿಲ್ಲ, ಗಂಡ ಹೆಂಡತಿ ಕೂಡುವುದು ಬೇಡ. ನೋವು ಬರಲೆಂದು ಹರಳೆಣ್ಣೆ ಕುಡಿಸುವುದೂ ಬೇಡ. ಭೇದಿಯಾಗಿ ಸುಸ್ತಾದ ದೇಹಕ್ಕೆ ಹೆರಿಗೆ ಇನ್ನಷ್ಟು ಕಷ್ಟ.

ನೋವು ಬರಿಸುವ ಮುಖ್ಯ ಔಷಧಿ ಆಕ್ಸಿಟೋಸಿನ್. ದೇಹವೇ ತಯಾರಿಸುವ ಈ ಹಾರ್ಮೋನನ್ನು ಅಮೆರಿಕದ ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು. 1955ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ಇದನ್ನು ಡ್ರಿಪ್‌ನಲ್ಲಿ ಅತಿ ಕಡಿಮೆ ಪ್ರಮಾಣದಿಂದ ಶುರುಮಾಡಿ, ಹತ್ತು ನಿಮಿಷಕ್ಕೆ ಮೂರು ನಾಲ್ಕು ನೋವು ಬರುವವರೆಗೆ ನಿಧಾನವಾಗಿ ಏರಿಸುತ್ತಾರೆ. ಐದಕ್ಕಿಂತ ಹೆಚ್ಚಾದರೆ ನೋವಿನ ನಡುವೆ ಬಿಡುವಿಲ್ಲದೆ ಮಗುವಿಗೆ ಆಮ್ಲಜನಕ ಕೊರತೆಯಾಗುತ್ತದೆ. ಡ್ರಿಪ್ ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಪ್ರಭಾವ ಇಳಿಯುವುದು ಇದರ ದೊಡ್ಡ ಗುಣ. ಅದೇ ಔಷಧಿಯನ್ನು ಹೆರಿಗೆಗೆ ಮೊದಲು ಸೊಂಟಕ್ಕೋ ತೋಳಿಗೋ ಚುಚ್ಚಿದರೆ ಹಿಂದಕ್ಕೆ ತೆಗೆಯುವ ದಾರಿಯಿಲ್ಲ. ಗರ್ಭಕೋಶ ಹರಿಯಬಹುದು, ಮಗು ಉಸಿರುಗಟ್ಟಬಹುದು. ಹಳ್ಳಿಗಳಲ್ಲಿ ಮನೆಗೇ ಬಂದು ‘ನೋವಿನ ಇಂಜೆಕ್ಷನ್’ ಕೊಡುವವರನ್ನು ಬಾಗಿಲಲ್ಲೇ ತಡೆಯಬೇಕು.

ಗರ್ಭಕೋಶದ ಬಾಯಿ ಇನ್ನೂ ಗಟ್ಟಿಯಾಗಿ, ಉದ್ದವಾಗಿ ಇದ್ದರೆ ಮೊದಲು ಅದನ್ನು ಮೆದುಗೊಳಿಸಲು ಜೆಲ್ ಅಥವಾ ಮಿಸೊಪ್ರೊಸ್ಟಾಲ್ ಮಾತ್ರೆ ಬಳಸುವುದುಂಟು. 25 ಮೈಕ್ರೋಗ್ರಾಂ ಮಾತ್ರೆಯನ್ನು ಎರಡು ಗಂಟೆಗೊಮ್ಮೆ ನುಂಗಲು ಕೊಡುವುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಕ್ರಮ. 200 ಮೈಕ್ರೋಗ್ರಾಂ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡುವುದು ಅಪಾಯ. ಹಿಂದೆ ಸಿಸೇರಿಯನ್ ಆದವರಿಗೆ ಈ ಮಾತ್ರೆಯೇ ಸಲ್ಲದು. ಯಾವ ವಿಧಾನವೇ ಆಗಲಿ, ಮಗುವಿನ ಎದೆಬಡಿತವನ್ನು ಬಿಡದೆ ಗಮನಿಸುವ ಸಿಬ್ಬಂದಿಯೂ ಬೇಕಾದರೆ ಸಿಸೇರಿಯನ್ ಮಾಡುವ ವ್ಯವಸ್ಥೆಯೂ ಇರುವ ಕಡೆಯೇ ನೋವು ಬರಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ದೊಡ್ಡಾಸ್ಪತ್ರೆಗೆ ಕಳುಹಿಸಿದರೆ ಅದು ಕೈಚೆಲ್ಲಿದಂತಲ್ಲ, ಸರಿಯಾದ ನಿರ್ಧಾರ.

ಬರಿಸಿದ ನೋವು ತಾನಾಗಿ ಬಂದ ನೋವಿಗಿಂತ ಬೇಗ ತೀವ್ರವಾಗುತ್ತದೆ ಎಂದು ಹಲವು ಹೆಂಗಸರು ಹೇಳುತ್ತಾರೆ. ಡ್ರಿಪ್ ಮತ್ತು ಮಾನಿಟರಿನಿಂದಾಗಿ ಓಡಾಟವೂ ಕಡಿಮೆ. ಇಲ್ಲಿ ಬೇಕಾದ್ದು ಆಸ್ಪತ್ರೆಯವರ ತಾಳ್ಮೆ. ಮೊದಲ ಹೆರಿಗೆಯಲ್ಲಿ ಡ್ರಿಪ್ ಹಾಕಿ ಆರೆಂಟು ಗಂಟೆಯಾದರೂ ಬಾಯಿ ತೆರೆದಿಲ್ಲ ಎಂಬುದು ಸೋಲಲ್ಲ. ತಾಯಿ, ಮಗು ಚೆನ್ನಾಗಿದ್ದರೆ ಪೊರೆ ಒಡೆದ ಮೇಲೆ ಕನಿಷ್ಠ 12ರಿಂದ 18 ಗಂಟೆ ಆಕ್ಸಿಟೋಸಿನ್ ಕೊಟ್ಟು ನೋಡಿದ ನಂತರವೇ ‘ಫೇಲ್ ಆಯಿತು’ ಎನ್ನಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸಿಸೇರಿಯನ್ ಹೆರಿಗೆ ದೇಶದಲ್ಲಿ ಶೇ 21.5, ಕರ್ನಾಟಕದಲ್ಲಿ ಶೇ 31.5. ಈ ಅಂತರವಿರುವ ರಾಜ್ಯದಲ್ಲಿ ಎಷ್ಟು ಹೊತ್ತು ನೋಡುತ್ತೀರಿ ಎಂದು ಡ್ರಿಪ್ ಹಾಕುವ ಮೊದಲೇ ಕೇಳಿಕೊಳ್ಳುವುದು ಜಾಣತನ.

ಅಮಾವಾಸ್ಯೆ ಕಳೆಯಲಿ, ಮೂಲಾ ನಕ್ಷತ್ರ ದಾಟಲಿ ಎಂದು ಡ್ರಿಪ್ಪನ್ನು ಮುಂದೂಡಿಸುವ ಮನೆಯವರಿದ್ದಾರೆ. ಒಡೆದ ಪೊರೆಯ ಮುಂದೆ ಪಂಚಾಂಗ ನಡೆಯುವುದಿಲ್ಲ. ‘ನಾವು ನೋಡಿಕೊಳ್ಳುತ್ತೇವೆ, ನಿಮಗೇಕೆ’ ಎಂದು ಸಹಿ ಹಾಕಿಸಿಕೊಳ್ಳುವ ವೈದ್ಯರ ಮಾತೂ ಒಪ್ಪಿಗೆ ಎನಿಸಿಕೊಳ್ಳುವುದಿಲ್ಲ. ದೇಹ ಯಾರದೋ ಅವಳನ್ನು ಮೊದಲು ಕೇಳಬೇಕು, ಕಾದರೆ ಏನು, ಬರಿಸಿದರೆ ಏನು ಎಂದು ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಕಾಯುತ್ತೇನೆ ಎಂದವಳು ಅರ್ಧ ದಿನ ಕಳೆದ ಮೇಲೆ ಮನಸ್ಸು ಬದಲಿಸಿದರೆ ಅದಕ್ಕೂ ಅವಕಾಶವಿರಬೇಕು.

ಹೆರಿಗೆಯಾದ ಮೇಲೂ ಈ ವಿಷಯ ಮುಗಿಯುವುದಿಲ್ಲ. ನೀರು ಹೋಗಿ 24 ಗಂಟೆ ಮೀರಿದ್ದರೆ ಮಗುವನ್ನು ಕನಿಷ್ಠ 12 ಗಂಟೆ ಆಸ್ಪತ್ರೆಯಲ್ಲೇ ಗಮನಿಸಬೇಕು. ಬೇಗ ಮನೆಗೆ ಕಳಿಸಿ ಎಂದು ಒತ್ತಾಯಿಸಬಾರದು. ಮನೆಗೆ ಬಂದ ನಂತರ ಮಗು ಹಾಲು ಚೀಪದಿದ್ದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಕೈಕಾಲು ಬಿಟ್ಟಂತೆ ಮಲಗಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಬಾಣಂತಿಗೆ ಜ್ವರ ಅಥವಾ ಕೆಟ್ಟ ವಾಸನೆಯ ಸ್ರಾವ ಕಂಡರೂ ಹಾಗೆಯೇ. ಹೆರಿಗೆಯ 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ನೀರು ಎಷ್ಟು ಗಂಟೆ ಮೊದಲು ಹೋಗಿತ್ತು ಎಂಬುದನ್ನು ಮೊದಲ ಭೇಟಿಯಲ್ಲೇ ಅವರಿಗೆ ತಿಳಿಸಿ.