ಲಿನಕ್ಸ್ ಗಣಕಯಂತ್ರಗಳಲ್ಲಿ ಸಾಧನ ಅನುಮತಿ ಹಾಗೂ ಮುದ್ರಣದ ತೊಂದರೆ

ಲಿನಕ್ಸ್ ಗಣಕಯಂತ್ರಕ್ಕೆ ಯುಎಸ್‌ಬಿ ಮೂಲಕ ಜೋಡಿಸಿದ ಮುದ್ರಕವು ಪಟ್ಟಿಯಲ್ಲಿ ಕಂಡರೂ ಪ್ರತಿ ಹೊರಬಾರದಿದ್ದಲ್ಲಿ, ಹೊಸ ಮುದ್ರಕದ ಖರೀದಿಗೆ ಪ್ರಸ್ತಾವನೆ ಸಲ್ಲಿಸುವ ಮುನ್ನ ಸಾಧನದ ಅನುಮತಿಯನ್ನು ಪರಿಶೀಲಿಸುವುದು ಸೂಕ್ತ. ಸಾಧನಕ್ಕೆ ಲಿನಕ್ಸ್‌ನಲ್ಲಿ ಒಂದು ಕಡತವಿದ್ದು, ಅದಕ್ಕೆ ಮಾಲೀಕ ಹಾಗೂ ಗುಂಪು ನಿಗದಿಯಾಗಿರುತ್ತದೆ. ಮುದ್ರಣ ನಿರ್ವಹಿಸುವ 'ಕಪ್ಸ್' ತಂತ್ರಾಂಶವು ಸಾಮಾನ್ಯವಾಗಿ 'ಎಲ್‌ಪಿ' ಎಂಬ ಬಳಕೆದಾರನ ಹೆಸರಿನಲ್ಲಿ ಆ ಕಡತಕ್ಕೆ ಬರೆಯುತ್ತದೆ. ಅನುಮತಿ ಇಲ್ಲದಿದ್ದರೆ ಪ್ರತಿಯು ಸರದಿಯಲ್ಲಿಯೇ ಉಳಿಯುತ್ತದೆ.

ಸ್ಕ್ಯಾನರ್ ಸಹಿತ ಮುದ್ರಕಗಳಲ್ಲಿ, ಸ್ಕ್ಯಾನರ್‌ನ ನಿಯಮವು ಕಡತವನ್ನು ತನ್ನ ಗುಂಪಿಗೆ ಸೇರಿಸಿದಲ್ಲಿ ಸ್ಕ್ಯಾನ್ ಆಗುತ್ತದೆ, ಮುದ್ರಣವಾಗುವುದಿಲ್ಲ. ಎಲ್ಲರಿಗೂ ಬರೆಯುವ ಅನುಮತಿ (666) ನೀಡುವ ರೂಢಿ ಸುರಕ್ಷಿತವಲ್ಲ. ತಂತಿ ಕಳಚಿ ಜೋಡಿಸಿದೊಡನೆ 'ಯುಡೆವ್' ವ್ಯವಸ್ಥೆಯು ತನ್ನ ನಿಯಮದಂತೆ ಅನುಮತಿಯನ್ನು ಪುನಃ ನಿಗದಿಪಡಿಸುವುದರಿಂದ ಅದು ಉಳಿಯುವುದೂ ಇಲ್ಲ. ಆದುದರಿಂದ ಯುಡೆವ್ ನಿಯಮದಲ್ಲಿಯೇ ಗುಂಪನ್ನು ಎಲ್‌ಪಿ, ಅನುಮತಿಯನ್ನು 0660 ಎಂದು ನಮೂದಿಸತಕ್ಕದ್ದು. ಸ್ಕ್ಯಾನರ್ ಗುಂಪಿಗೆ ಪ್ರವೇಶ ಪಟ್ಟಿಯ ಮೂಲಕ ಪ್ರತ್ಯೇಕ ಅನುಮತಿ ನೀಡಬಹುದಾಗಿದೆ.