ಓಡಿ ಬಂದ ಕುದುರೆಯ ಮೂಗಿನಲ್ಲಿ ರಕ್ತವೇಕೆ?

ಪ್ರಶ್ನೆ: ಮೈಸೂರಿನ ರೇಸ್‌ಕೋರ್ಸ್‌ನಲ್ಲಿ ಓಟ ಮುಗಿಸಿದ ಕುದುರೆಯ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಉಷ್ಣವೇ?
– ಓದುಗರು, ನಂಜನಗೂಡು

ಉತ್ತರ: ಆನೆಯ ಕಣ್ಣು ವಾಸಿಯಾದದ್ದಕ್ಕೆ ಟಿಪ್ಪು ಅಲ್ಲಿನ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂಬ ಪ್ರತೀತಿಯ ಊರಿನಿಂದಲೇ ಈ ಪ್ರಶ್ನೆ ಬಂದಿದೆ! ಉಷ್ಣವಲ್ಲ. ರಕ್ತ ಮೂಗಿನದೂ ಅಲ್ಲ, ಶ್ವಾಸಕೋಶದ್ದು. ನಾಗಾಲೋಟದಲ್ಲಿ ಕುದುರೆಯ ಹೃದಯ ನಿಮಿಷಕ್ಕೆ 200ಕ್ಕೂ ಹೆಚ್ಚು ಸಲ ಬಡಿಯುತ್ತದೆ. ಆಗ ಶ್ವಾಸಕೋಶದ ಅತಿಸೂಕ್ಷ್ಮ ರಕ್ತನಾಳಗಳಲ್ಲಿ ಒತ್ತಡ ವಿಪರೀತವಾಗಿ ಏರಿ, ತೆಳುವಾದ ಗೋಡೆ ಒಡೆಯುತ್ತದೆ. ಮೂಗಿನವರೆಗೆ ರಕ್ತ ಬರುವುದು ಅಪರೂಪ; ಎಂಡೋಸ್ಕೋಪ್ ಇಳಿಸಿ ನೋಡಿದರೆ ಮಾತ್ರ ಓಡಿದ ಕುದುರೆಗಳಲ್ಲಿ ಸುಮಾರು ಅರ್ಧದಷ್ಟರ ಶ್ವಾಸನಾಳದಲ್ಲಿ ಅದು ಕಾಣುತ್ತದೆ. ಹೊಸ ಕಾಯಿಲೆಯೇನಲ್ಲ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಒಂದು ಕುದುರೆಯ ಅಡ್ಡಹೆಸರೇ ‘ಬ್ಲೀಡಿಂಗ್ ಚೈಲ್ಡರ್ಸ್’. ಸೋಲೇ ಕಾಣದ ಎಕ್ಲಿಪ್ಸ್ ಎಂಬ ಓಟದ ಕುದುರೆ ಅದರ ಮರಿಮಗ!

ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಚುಚ್ಚುಮದ್ದು ರಕ್ತಸ್ರಾವವನ್ನು ತಗ್ಗಿಸುತ್ತದೆ. ಆದರೆ ಹೆಚ್ಚಿನ ದೇಶಗಳಲ್ಲಿ ಓಟದ ದಿನ ಅದಕ್ಕೆ ನಿಷೇಧವಿದೆ, ನನ್ನ ಮಟ್ಟಿಗೆ ಅದೇ ಸರಿ. ವಿಶ್ರಾಂತಿಯೇ ದೊಡ್ಡ ಮದ್ದು.

ಒಂದು ಮಾತು: ನಿಮ್ಮಲ್ಲಾಗಲಿ ತಿ. ನರಸೀಪುರದ ಕಡೆಯಾಗಲಿ, ಗಾಡಿ ಎಳೆಯುವ ಕುದುರೆಯ ಮೂಗಿನಲ್ಲಿ ರಕ್ತವೋ ಕೀವೋ ಕಂಡರೆ ಕಾರಣ ಬೇರೆಯೇ ಇರಬಹುದು. ಗ್ಲ್ಯಾಂಡರ್ಸ್‌ನಂಥ ರೋಗ ಮನುಷ್ಯರಿಗೂ ಅಂಟುತ್ತದೆ. ಬರಿಗೈಯಲ್ಲಿ ಒರೆಸಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.