ಪದರದ ಬಾಬ್ ನಿಮಗೆ ಒಪ್ಪುವುದೇ?

ಕತ್ತರಿಯ ಕೆಲಸ ಅರ್ಧ ಗಂಟೆಯದು. ಅದು ಹಿಡಿಸದಿದ್ದರೆ ಕಾಯುವ ಕೆಲಸ ವರ್ಷಗಳದು. ತಲೆಗೂದಲು ತಿಂಗಳಿಗೆ 1ರಿಂದ 1.25 ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಸೊಂಟ ಮುಟ್ಟುವ ಜಡೆಯಿಂದ 45 ಸೆಂ.ಮೀ. ತೆಗೆಸಿದರೆ ಅದು ಮರಳಿ ಬರಲು ಮೂರು ವರ್ಷಗಳಾದರೂ ಬೇಕು. ಆದುದರಿಂದ ಬಿಳಿಗೆರೆಯಿಂದ ತಿಪಟೂರಿನ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿನಿಯೊಬ್ಬಳು ‘ಪದರದ ಬಾಬ್ ನನಗೆ ಒಪ್ಪುವುದೇ?’ ಎಂದು ಕೇಳಿಕೊಂಡರೆ ಅದು ಹಗುರವಾದ ಪ್ರಶ್ನೆಯೇನಲ್ಲ. ಉತ್ತರವನ್ನು ಕನ್ನಡಿಯಲ್ಲಿ ಹುಡುಕುವುದು ವಾಡಿಕೆ; ಕೂದಲಿನಲ್ಲಿಯೇ ಮೊದಲು ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ.

ಕಿವಿಗೂ ಭುಜಕ್ಕೂ ನಡುವಣ ಯಾವುದಾದರೊಂದು ಮಟ್ಟದಲ್ಲಿ ಕೂದಲನ್ನು ನಿಲ್ಲಿಸುವುದೇ ಬಾಬ್. 1920ರ ದಶಕದಲ್ಲಿ ಇದು ಯೂರೋಪು ಅಮೆರಿಕಗಳಲ್ಲಿ ಹರಡಿತು. ಸಾದಾ ಬಾಬಿನಲ್ಲಿ ತುದಿಗಳೆಲ್ಲ ಒಂದೇ ಗೆರೆಗೆ ಬರುತ್ತವೆ. ಪದರದ ಬಾಬಿನಲ್ಲಾದರೋ ನೆತ್ತಿಯ ಕೂದಲು ಗಿಡ್ಡ, ಅಡಿಯದು ಉದ್ದ. ಸೋಗೆ ಹೊದಿಸಿದ ಮಾಡಿನಂತೆ ತುದಿಗಳು ಬೇರೆಬೇರೆ ಮಟ್ಟದಲ್ಲಿ ಮುಗಿಯುತ್ತವೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಮೇಲಿನ ಪದರಗಳ ಕೂದಲು ಬಹಳ ಚಿಕ್ಕದಾಗುತ್ತದೆ ಎಂಬುದು.

ಚಿಕ್ಕದಾದರೆ ಏನಾಗುತ್ತದೆ? ತೆಂಗಿನ ನಾಡಿನವರಿಗೆ ಇದನ್ನು ತಿಳಿಸಲು ಒಂದು ಪೊರಕೆಕಡ್ಡಿ ಸಾಕು. ಉದ್ದನೆಯ ಕಡ್ಡಿಯ ಬುಡವನ್ನು ಹಿಡಿದು ಅಡ್ಡಲಾಗಿ ಚಾಚಿರಿ. ತುದಿ ಕೆಳಗೆ ಬಾಗುತ್ತದೆ. ಅದರ ತುದಿಯನ್ನೇ ಗೇಣುದ್ದ ಮುರಿದು ಹಾಗೆಯೇ ಹಿಡಿಯಿರಿ. ಈಗ ನೆಟ್ಟಗೆ ನಿಲ್ಲುತ್ತದೆ. ಕಡ್ಡಿ ಅದೇ, ಬಿಗುವೂ ಅದೇ; ಉದ್ದ ಮಾತ್ರ ಬೇರೆ. ಉದ್ದವಾದ ಕೂದಲನ್ನು ಆಳುವುದು ಅದರ ತೂಕ, ಗಿಡ್ಡ ಕೂದಲನ್ನು ಆಳುವುದು ಅದರ ಬಿಗುವು ಮತ್ತು ಸುರುಳಿ.

ಈ ಎರಡರ ಗಡಿ ಎಲ್ಲಿ? 2012ರಲ್ಲಿ ರೇಮಂಡ್ ಗೋಲ್ಡ್‌ಸ್ಟೀನ್, ಪ್ಯಾಟ್ರಿಕ್ ವಾರನ್, ರಾಬಿನ್ ಬಾಲ್ ಎಂಬ ಭೌತವಿಜ್ಞಾನಿಗಳು ಕುದುರೆಬಾಲದ ಜುಟ್ಟಿನ ಆಕಾರಕ್ಕೆ ಒಂದು ಸಮೀಕರಣವನ್ನು ಬರೆದರು. (ಮೊದಲು ನಗಿಸಿ ಆಮೇಲೆ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ನೊಬೆಲ್ ಬಹುಮಾನ ಅದೇ ವರ್ಷ ಅವರಿಗೆ ಬಂದಿತು.) ಮನುಷ್ಯನ ಕೂದಲು ತನ್ನ ತೂಕಕ್ಕೆ ತಾನೇ ಬಾಗಲು ಸುಮಾರು 5 ಸೆಂ.ಮೀ. ಉದ್ದ ಬೇಕು. ಕೂದಲಿನ ಉದ್ದ ಇದರ ಎಷ್ಟು ಪಟ್ಟು ಎಂಬುದಕ್ಕೆ ಅವರು ನೀಳಕೇಶದ ಕಥಾನಾಯಕಿಯ ನೆನಪಿನಲ್ಲಿ ರಪುಂಜೆಲ್ ಸಂಖ್ಯೆ ಎಂದು ಹೆಸರಿಟ್ಟರು. 60 ಸೆಂ.ಮೀ. ಕೂದಲಿಗೆ ಅದು 12. ಬಾಬಿನ 10 ಸೆಂ.ಮೀ. ಪದರಕ್ಕೆ ಬರಿಯ 2. ಜಡೆಯಲ್ಲಿ ಸಾಧುವಾಗಿದ್ದ ಕೂದಲು ಬಾಬಿನಲ್ಲಿ ಸೆಟೆದು ನಿಲ್ಲುವುದು ಇದರಿಂದಲೇ.

ನಿಮ್ಮ ಕೂದಲು ಎಂಥದೆಂದು ಮನೆಯಲ್ಲಿಯೇ ಅಳೆಯಬಹುದು. ಬಾಚಣಿಗೆಗೆ ಬಂದ, ಎಣ್ಣೆ ಇಲ್ಲದ ಒಂದು ಕೂದಲನ್ನು ಪುಸ್ತಕದ ಹಾಳೆಗಳ ನಡುವೆ ಸಿಕ್ಕಿಸಿ 6 ಸೆಂ.ಮೀ. ಮಾತ್ರ ಹೊರಗೆ ಚಾಚಿಸಿ, ತುದಿ ಎಷ್ಟು ಇಳಿಯಿತೆಂದು ನೋಡಿರಿ. ಸಹಜವಾದ ಡೊಂಕು ಲೆಕ್ಕವನ್ನು ಕೆಡಿಸದಂತೆ ಪುಸ್ತಕವನ್ನು ಮಗುಚಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ. ನಮ್ಮ ಲೆಕ್ಕದಂತೆ 0.1 ಮಿ.ಮೀ. ವ್ಯಾಸದ ದಪ್ಪ ಕೂದಲು 1 ಸೆಂ.ಮೀ.ನೊಳಗೆ ಇಳಿಯುತ್ತದೆ, 0.05 ಮಿ.ಮೀ.ನ ನಯವಾದ ಕೂದಲು 3 ಸೆಂ.ಮೀ. ಸಮೀಪಕ್ಕೆ. ವ್ಯಾಸ ಇಮ್ಮಡಿಯಾದರೆ ತೂಕ ನಾಲ್ಕು ಪಟ್ಟು, ಬಿಗುವಾದರೋ ಹದಿನಾರು ಪಟ್ಟು!

ದಪ್ಪವಾದ ನೇರ ಕೂದಲಿನವರು ನೆತ್ತಿಯ ಪದರವನ್ನು ಬಹಳ ಗಿಡ್ಡ ಮಾಡಿಸಬಾರದು. ನಯವಾಗಿಯೂ ವಿರಳವಾಗಿಯೂ ಇರುವ ಕೂದಲಿಗೆ ಪದರ ಹೆಚ್ಚಾದರೆ ಕೆಳಅಂಚು ಬರಿದಾಗಿ ಕಾಣುತ್ತದೆ. ಅಂಥವರಿಗೆ ಸಾದಾ ಬಾಬೇ ಮೇಲು. ದಟ್ಟವಾದ ಅಲೆಗೂದಲಿನವರಿಗೆ ಮಾತ್ರ ಪದರಗಳಿಂದ ನಿಜವಾದ ಉಪಕಾರವುಂಟು: ಒಂದೇ ಮಟ್ಟಕ್ಕೆ ಕತ್ತರಿಸಿದರೆ ತ್ರಿಕೋಣದಂತೆ ಕೆಳಗೆ ಹರಡಿಕೊಳ್ಳುವ ರಾಶಿಯನ್ನು ಪದರ ಹಗುರಗೊಳಿಸುತ್ತದೆ. ಆದರೆ ಒದ್ದೆ ಕೂದಲು ಎಳೆದಷ್ಟು ಉದ್ದವಾಗಿ ಕಂಡು, ಒಣಗಿದ ಮೇಲೆ ಮೇಲೇರುತ್ತದೆ. ಒಂದು ಎಳೆಯನ್ನು ಎರಡು ಸ್ಥಿತಿಗಳಲ್ಲಿಯೂ ಅಳೆದು, ಆ ಅಂತರವನ್ನು ಕತ್ತರಿಸುವವರಿಗೆ ಮೊದಲೇ ಹೇಳಬೇಕು.

ಎಣ್ಣೆಯ ಮಾತನ್ನು ಈ ಸೀಮೆಯಲ್ಲಿ ಬಿಡುವಂತಿಲ್ಲ. ಎಣ್ಣೆಯ ಮೇಲ್ಮೈ ಎಳೆತ ಕೂದಲುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಜಡೆಗೆ ಅದು ಬೇಕಾದದ್ದೇ, ಪದರಗಳಿಗೆ ಬೇಡವಾದದ್ದು. ಹಾಗೆಂದು ಕೊಬ್ಬರಿ ಎಣ್ಣೆಯನ್ನು ತ್ಯಜಿಸಬೇಕಾಗಿಲ್ಲ. ಅದರ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿದು ಪ್ರೋಟೀನಿನ ನಷ್ಟವನ್ನು ತಗ್ಗಿಸುತ್ತದೆಂದು ರೇಲೆ ಮತ್ತು ಮೋಹಿಲೆ ಎಂಬ ಭಾರತೀಯ ಸಂಶೋಧಕರು 2003ರಲ್ಲಿ ತೋರಿಸಿದರು. ಖನಿಜ ತೈಲಕ್ಕೂ ಸೂರ್ಯಕಾಂತಿ ಎಣ್ಣೆಗೂ ಆ ಗುಣ ಕಾಣಲಿಲ್ಲ. ರಾತ್ರಿ ಹಚ್ಚಿ ಬೆಳಗ್ಗೆ ತೊಳೆದರಾಯಿತು.

ಇನ್ನು ಮುಖದ ವಿಚಾರ. ಗಲ್ಲದ ಕೆಳಗೆ ಅಡ್ಡಲಾಗಿ ಪೆನ್ಸಿಲು ಹಿಡಿದು, ಕಿವಿಯ ಹಾಲೆಯಿಂದ ಅಲ್ಲಿಗೆ ಎರಡೂಕಾಲು ಅಂಗುಲಕ್ಕಿಂತ ಕಡಮೆ ಇದ್ದರೆ ಗಿಡ್ಡ ಕೂದಲು ಒಪ್ಪುತ್ತದೆಂಬ ನಿಯಮವೊಂದು ಪ್ರಚಾರದಲ್ಲಿದೆ. ಕೂದಲಿನ ದಪ್ಪವನ್ನಾಗಲಿ ಸುರುಳಿಯನ್ನಾಗಲಿ ಕೇಳದ ಈ ನಿಯಮಕ್ಕೆ ನಾವು ಹೆಚ್ಚು ಬೆಲೆ ಕೊಡಲಾರೆವು. ಜಡೆಯನ್ನು ಒಳಕ್ಕೆ ಮಡಿಸಿ ಪಿನ್ನು ಚುಚ್ಚಿ ಬೇಕಾದ ಮಟ್ಟಕ್ಕೆ ನಿಲ್ಲಿಸಿ, ಐದಾರು ಅಡಿ ದೂರದಿಂದ ಯಾರಿಂದಲಾದರೂ ಚಿತ್ರ ತೆಗೆಸುವುದು ಲೇಸು. ಕೈಯಳತೆಯಲ್ಲಿ ತಾನೇ ತೆಗೆದುಕೊಂಡ ಚಿತ್ರದಲ್ಲಿ ಮೂಗು ದೊಡ್ಡದಾಗಿಯೂ ಕಿವಿಗಳು ಚಿಕ್ಕದಾಗಿಯೂ ಬೀಳುತ್ತವೆ.

ಮನೆಯಲ್ಲಿ ಅಜ್ಜಿ ಮುಖ ಸಿಂಡರಿಸಿದರೆ ನಗಬಾರದು. ಹೆಣ್ಣಿನ ಕೂದಲನ್ನು ತೆಗೆಸುವುದೆಂದರೆ ವೈಧವ್ಯದ ಗುರುತೆಂದು ಕೆಲವು ಮನೆತನಗಳಲ್ಲಿ ನಡೆದುಬಂದ ಕಾಲವಿತ್ತು, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಆ ಬದುಕಿನ ಕಥೆ. ಅಂದು ಕತ್ತರಿ ಬಂದುದು ಪರರ ಆಜ್ಞೆಯಿಂದ. ಇಂದು ಕೇಳುತ್ತಿರುವವಳು ಕೂದಲಿನ ಒಡತಿಯೇ. ಈ ವ್ಯತ್ಯಾಸವನ್ನು ಅಜ್ಜಿಗೆ ಸಮಾಧಾನವಾಗಿ ಹೇಳಬಹುದು.

ಸಂದೇಹ ಉಳಿದರೆ ಮೊದಲ ಸಲ ಭುಜದ ಮಟ್ಟಕ್ಕೆ, ಪದರಗಳಿಲ್ಲದೆ ಕತ್ತರಿಸಿಕೊಂಡು ಎರಡು ತಿಂಗಳು ನೋಡಿರಿ. ಪದರವನ್ನು ಆಮೇಲೆ ಯಾವಾಗ ಬೇಕಾದರೂ ಸೇರಿಸಬಹುದು.